ಐ7 ಎಂಬ ಚೀಟಿ, ಒಳಗಿನ ಯಂತ್ರ: ವಿದ್ಯಾರ್ಥಿಯ ಲ್ಯಾಪ್‌ಟಾಪ್ ಬಗೆಗಿನ ತಪ್ಪು ಕಲ್ಪನೆಗಳು

"ಐ7 ಅಂದರೆ ಐ3ಗಿಂತ ಯಾವಾಗಲೂ ಮೇಲು." ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಹುಡುಕುವವರಿಗೆ ಅತಿ ಹೆಚ್ಚು ನಷ್ಟ ತರುವ ನಂಬಿಕೆ ಇದು. ರಾಯಚೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಯಲ್ಲಿರುವ, ಹರಿದಾಸ ವಿಜಯದಾಸರ ಊರೆಂದು ಹೆಸರಾದ ಚೀಕಲಪರ್ವಿಯಂಥ ಕಡೆ ಭತ್ತದ್ದೋ ಹತ್ತಿಯದ್ದೋ ದುಡ್ಡು ಕೈಸೇರಿದ ಮೇಲೆಯೇ ಮಗಳ ಡಿಗ್ರಿಗೆ ಲ್ಯಾಪ್‌ಟಾಪ್ ಬರುವುದು. ಆಯ್ಕೆ ತಪ್ಪಿದರೆ ಇನ್ನೊಂದು ಸುಗ್ಗಿಯವರೆಗೆ ಅದರಲ್ಲೇ ದಿನ ತಳ್ಳಬೇಕು.

ಇಂಟೆಲ್ ಪ್ರೊಸೆಸರ್‌ಗಳ ಐ3, ಐ5, ಐ7 ಎಂಬವು ಒಂದೇ ಪೀಳಿಗೆಯೊಳಗಿನ ಮೇಲು-ಕೆಳಗನ್ನಷ್ಟೇ ಹೇಳುತ್ತವೆ. ಪೀಳಿಗೆ ಯಾವುದೆಂದು ತಿಳಿಯಲು ಮುಂದಿನ ಅಂಕಿ ನೋಡಬೇಕು. ಐ7-4600ಯು ಎಂದಿದ್ದರೆ ಅದು 4ನೇ ಪೀಳಿಗೆ: 2013ರದು, ಎರಡೇ ಕೋರ್. ಐ3-1215ಯು ಎಂದಿದ್ದರೆ 12ನೇ ಪೀಳಿಗೆ: 2022ರದು, ಆರು ಕೋರ್. ಕೆಲಸಕ್ಕೆ ಇಳಿದರೆ ಆ ಹಳೆಯ ಐ7 ಈ ಐ3ರ ಹತ್ತಿರವೂ ಸುಳಿಯದು. ರೈಜನ್ ಪ್ರೊಸೆಸರ್‌ಗಳಲ್ಲೂ ಇಂಥದೇ ತೊಡಕುಂಟು. ರೈಜನ್ 5 7520ಯು ಹೊಸದರಂತೆ ಕಂಡರೂ ಒಳಗಿರುವುದು 2019ರ ವಿನ್ಯಾಸ.

ಸೆಕೆಂಡ್ ಹ್ಯಾಂಡ್ ಯಂತ್ರವೆಲ್ಲ ಕಳಪೆ ಎಂಬುದೂ ಪೂರ್ತಿ ನಿಜವಲ್ಲ. ಕಚೇರಿಗಳಲ್ಲಿ ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಅದೇ ಬೆಲೆಯ ಹೊಸದಕ್ಕಿಂತ ವಾಸಿ. ಆದರೆ ಇಂಟೆಲ್‌ನದಾದರೆ 8ನೇ ಪೀಳಿಗೆಗಿಂತ ಹಿಂದಿನದು ಬೇಡ. ಅವುಗಳಲ್ಲಿ ಬಹುತೇಕಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಬೇಕು. 'ಡಿಸೈನ್ ಕೆಪಾಸಿಟಿ' 50,000 ಎಂದಿದ್ದು, 'ಫುಲ್ ಚಾರ್ಜ್ ಕೆಪಾಸಿಟಿ' 25,000 ಎಂದಿದ್ದರೆ ಬ್ಯಾಟರಿಯ ಅರ್ಧ ಕಸುವು ಆಗಲೇ ಹೋಗಿದೆ. ಕರೆಂಟ್ ಹೋದಾಗಲೂ ಓದು ನಿಲ್ಲಬಾರದು ಎನ್ನುವ ಮನೆಗೆ ಈ ಎರಡು ಸಾಲುಗಳೇ ಮುಖ್ಯ.

"1 ಟಿಬಿ ಇದೆ, ಆದ್ದರಿಂದ 256 ಜಿಬಿಗಿಂತ ಒಳ್ಳೆಯದು" ಎಂಬ ಮಾತು ಜಾಗವನ್ನೂ ವೇಗವನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದ್ದು. 1 ಟಿಬಿ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಅದರ ವೇಗ ಹೆಚ್ಚು. ಬಸ್ಸಿನ ಕುಲುಕಾಟಕ್ಕೂ ಅದೇ ಜಗ್ಗದು. ವಿದ್ಯಾರ್ಥಿಗೆ 256 ಜಿಬಿ ಎಸ್‌ಎಸ್‌ಡಿ ಸಾಕು. 512 ಜಿಬಿ ಎಂದು ಕೊಟ್ಟದ್ದು ಪರದೆಯ ಮೇಲೆ 476 ಎಂದು ಕಂಡರೆ ಅಂಗಡಿಯವರು ಮೋಸ ಮಾಡಿದರೆಂದಲ್ಲ: ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ರ‍್ಯಾಮ್ ಮಾತ್ರ 8 ಜಿಬಿಗಿಂತ ಕಡಿಮೆ ಇರಬಾರದು. "ಈಗ 4 ಇರಲಿ, ಆಮೇಲೆ ಹಾಕಿಸಿದರಾಯಿತು" ಎನ್ನುವವರು ಖಾಲಿ ಸ್ಲಾಟ್ ಇದೆಯೇ ಎಂದು ಮೊದಲು ಕೇಳಬೇಕು, ಏಕೆಂದರೆ ಅಗ್ಗದ ಹಲವು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ.

ಇಂಜಿನಿಯರಿಂಗ್ ಎಂದೊಡನೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕೆಂಬುದು ಅನಗತ್ಯ ಸಾಲದ ದಾರಿ. ಸಿ, ಜಾವಾ, ಪೈಥಾನ್ ಕಲಿಕೆಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಅದು ಬೇಕಾಗುವುದು ಭಾರೀ 3ಡಿ ನಕ್ಷೆಯಂಥ ಕೆಲಸಕ್ಕೆ.

"ಚಾರ್ಜ್‌ಗೆ ಹಾಕಿಯೇ ಇಟ್ಟರೆ ಬ್ಯಾಟರಿ ಸುಟ್ಟುಹೋಗುತ್ತದೆ" ಎಂದು ಹೆದರುವವರು ಬಹಳ. ಆದರೆ ತುಂಬಿದ ಕೂಡಲೇ ಚಾರ್ಜಿಂಗ್ ನಿಲ್ಲಿಸುವ ವ್ಯವಸ್ಥೆ ಒಳಗೇ ಇರುತ್ತದೆ. ದೊಡ್ಡ ಶತ್ರು ಬಿಸಿ. ಹಲವು ತಯಾರಕರು 35 ಡಿಗ್ರಿಯವರೆಗಿನ ವಾತಾವರಣಕ್ಕಷ್ಟೇ ಭರವಸೆ ಕೊಡುತ್ತಾರೆ; ರಾಯಚೂರು ಸೀಮೆಯ ಬೇಸಿಗೆ 40 ದಾಟುತ್ತದೆ. ಅಂಥ ಮಧ್ಯಾಹ್ನ ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿ, ಫ್ಯಾನ್ ಭೋರೆಂದು, ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಲಗೆಯ ಮೇಲಿಟ್ಟು, ಚಾರ್ಜ್ ಮಿತಿಯನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸುವುದು ಲೇಸು.

ಕನ್ನಡಕ್ಕಾಗಿ ಬೇರೆ ತಂತ್ರಾಂಶ ಕೊಳ್ಳಬೇಕೆಂಬುದೂ ಹಳೆಯ ಕಾಲದ ಮಾತು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆಯೂ ಅಕ್ಷರಗಳೂ ಇವೆ. ಎಕ್ಸ್‌ಪಿ ಕಾಲದಲ್ಲಿ ಬಂದ ಕನ್ನಡ ಫಾಂಟಿನ ಹೆಸರೇ 'ತುಂಗಾ'. ಬರೆಯಲು ಲಿಬ್ರೆಆಫೀಸ್ ಉಚಿತ. ದಾಸಸಾಹಿತ್ಯದ ಮೇಲಿನ ಪ್ರಬಂಧವನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದರೆ, ಆ ಫಾಂಟ್ ಇಲ್ಲದ ಕಾಲೇಜಿನ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವಾಗಿಯೇ ಇರುತ್ತದೆ.