‘ಗೊರಬಲು’ ಎರಡಾದ ಕಥೆ

ಸರಕು, ಬೆಟ್ಟೆ, ರಾಶಿ ಮೂರೂ ಸಲೀಸಾಗಿ ದಾಟಿದವು. ಗೊರಬಲು ಮಾತ್ರ ಬಾಗಿಲಲ್ಲೇ ನಿಂತಿತು.

ಕಳೆದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯ ಮಹಡಿ ಕೋಣೆಯೊಂದರಲ್ಲಿ ಕಂಡದ್ದಿದು. ಸ್ನೇಹಿತರ ಮಗಳು ಅಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ಭದ್ರಾವತಿಯ ಒಂದು ಅಡಿಕೆ ಮಂಡಿಯ ಲೆಕ್ಕದ ವೆಬ್ ಅಪ್ಲಿಕೇಶನ್ನನ್ನು ಹಳೆಯ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸುತ್ತಿದ್ದಳು. ಸರಕು, ಗೊರಬಲು ಮೊದಲಾದ ಅಡಿಕೆಯ ಬಗೆಗಳಿಗೆ ಒಂದು ಟೇಬಲ್, ದಿನದ ವಹಿವಾಟಿಗೆ ಇನ್ನೊಂದು. ವಹಿವಾಟನ್ನು ತುಂಬಿಸುವಾಗ ಫಾರಿನ್ ಕೀ ಎರರ್ ಬಂತು: ‘ಗೊರಬಲು’ ಎಂಬುದು ಬಗೆಗಳ ಟೇಬಲ್‌ನಲ್ಲಿ ಇಲ್ಲವಂತೆ.

“ನೋಡಿ ಅಂಕಲ್, ಇಲ್ಲೇ ಇದೆಯಲ್ಲ!” ಎಂದು ಆಕೆ ಎರಡನ್ನೂ ಒಂದರ ಕೆಳಗೊಂದು ಇಟ್ಟಳು. ಕನ್ನಡಕ ಒರೆಸಿಕೊಂಡು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಎರಡರ ಉದ್ದವನ್ನೂ ಅಳೆಯಲು ಗಣಕಕ್ಕೆ ಹೇಳಿದಳು. ಒಂದು ಗೊರಬಲುವಿಗೆ 6 ಸಂಕೇತ, ಇನ್ನೊಂದಕ್ಕೆ 7. ಬೈಟುಗಳಲ್ಲಿ 18 ಮತ್ತು 21. ಆ ಕ್ಷಣದ ರೋಮಾಂಚನ ಇನ್ನೂ ನನ್ನನ್ನು ಬಿಟ್ಟಿಲ್ಲ.

ಗುಟ್ಟು ಇರುವುದು ನಾವು ಒಂದನೇ ತರಗತಿಯಲ್ಲಿ ಕಲಿತ ಕಾಗುಣಿತದಲ್ಲಿ. ಗಕ್ಕೆ ಒತ್ವ ಕೊಟ್ಟರೆ ಗೊ. ಆದರೆ ಒತ್ವವನ್ನು ಬರೆಯುವಾಗ ಕೈ ಮಾಡುವುದೇನು? ಎತ್ವ ಹಾಕಿ, ಕೊಂಬಿನಿಳಿ ಎಳೆಯುತ್ತದೆ. ಯೂನಿಕೋಡ್ ಎರಡು ದಾರಿಯನ್ನೂ ಒಪ್ಪಿದೆ. ಒತ್ವವನ್ನು ಇಡಿಯಾಗಿ ಒಂದೇ ಸಂಕೇತವೆಂದು ಇಡಬಹುದು, ಎತ್ವ ಮತ್ತು ಕೊಂಬಿನಿಳಿ ಎಂದು ಬಿಡಿಸಿಯೂ ಇಡಬಹುದು. ಎರಡೂ ಸಮಾನ ಎನ್ನುತ್ತದೆ ಯೂನಿಕೋಡ್. ಪೋಸ್ಟ್‌ಗ್ರೆಸ್ ಮಾತ್ರ ಸಾಮಾನ್ಯವಾಗಿ ಬೈಟು ಬೈಟನ್ನೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಪದ.

ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನೂ ಹೀಗೆ ಪರೀಕ್ಷಿಸಿದೆವು. ಭದ್ರಾವತಿ, ಸಾಗರ, ಶಿಕಾರಿಪುರ ಗಟ್ಟಿ, ಒಡೆಯುವುದಿಲ್ಲ. ಶಿವಮೊಗ್ಗ, ಸೊರಬ, ಹೊಸನಗರ ಒತ್ವದಲ್ಲಿ ಒಡೆಯುತ್ತವೆ. ತೀರ್ಥಹಳ್ಳಿ ಗುಡಿಸಿನ ದೀರ್ಘದಲ್ಲಿ ಒಡೆಯುತ್ತದೆ. ಏಳರಲ್ಲಿ ನಾಲ್ಕು! ಅಡಿಕೆಯ ನಾಲ್ಕು ಬಗೆಗಳಲ್ಲಿ ಒಡೆಯುವುದು ಗೊರಬಲು ಒಂದೇ. 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಕಾಗುಣಿತ ಬದಲಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಕನ್ನಡದ ‘ಶಿವಮೊಗ್ಗ’ದೊಳಗಿನ ಈ ಬಿರುಕು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಇಂಥ ಬಿಡಿ ರೂಪಗಳು ಬಂದದ್ದೆಲ್ಲಿಂದ? ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ನಂತರ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅವೇ ನಮ್ಮನ್ನು ಗಣಕಕ್ಕೆ ಕರೆತಂದದ್ದು, ಆ ಋಣ ದೊಡ್ಡದು. ಮುಂದೆ ಆ ಕಡತಗಳನ್ನು ಯೂನಿಕೋಡ್‌ಗೆ ತರುವಾಗ ಅವಸರದ ಪರಿವರ್ತಕಗಳು ತುಂಡನ್ನು ತುಂಡಾಗಿಯೇ ಸಾಗಿಸಿದವು. ಮಕಾರವನ್ನು ವಕಾರಕ್ಕೆ ಬಾಲ ಸೇರಿಸಿ ಬರೆಯುತ್ತಿದ್ದುದರಿಂದ ಕೆಲವು ಕಡತಗಳಲ್ಲಿ ನಮ್ಮ ಊರು ‘ಶಿವವೊಗ್ಗ’ ಆಗಿಬಿಟ್ಟಿತು!

ಹಾಗಾದರೆ ಹಳೆಯ ಡೇಟಾಬೇಸ್ ಇಷ್ಟು ವರ್ಷ ಏಕೆ ಸುಮ್ಮನಿತ್ತು? ಅದರ ಟೇಬಲ್‌ಗಳು ಮೈಐಸ್ಯಾಮ್ ಬಗೆಯವು. 2010ರ ಕೊನೆಯಲ್ಲಿ 5.5ನೇ ಆವೃತ್ತಿ ಬರುವತನಕ ಮೈಎಸ್‌ಕ್ಯೂಎಲ್‌ನಲ್ಲಿ ಅದೇ ರೂಢಿ. ಮೈಐಸ್ಯಾಮ್ ಫಾರಿನ್ ಕೀಯನ್ನು ಪರಿಶೀಲಿಸುವುದೇ ಇಲ್ಲ.

ಮರುದಿನ ಭದ್ರಾವತಿಗೆ ಹೋದೆವು. ಮಂಡಿಯ ಹಿರಿಯ ಗುಮಾಸ್ತರಿಗೆ ವಿಷಯ ಹೊಸದೇನಲ್ಲ. “ಮೊದ್ಲಿಂದಲೂ ಹಂಗೇ ಅಮ್ಮ. ರಿಪೋರ್ಟ್‌ನಲ್ಲಿ ಗೊರಬಲು ಎರಡು ಸಾಲು ಬರುತ್ತೆ. ನಾನು ಕೂಡಿಸ್ಕೊಳ್ತೀನಿ” ಎಂದು ನೋಟ್‌ಬುಕ್ ತೆಗೆದು ತೋರಿಸಿದರು. ಪ್ರತಿ ತಿಂಗಳೂ ಎರಡು ಮೊತ್ತ, ಕೆಳಗೆ ಗೆರೆ, ಅದರ ಕೆಳಗೆ ಸರಿಯಾದ ಲೆಕ್ಕ. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿದ ಊರಲ್ಲಿ ಡೇಟಾಬೇಸ್‌ನ ತಪ್ಪನ್ನು ಕಾಗದವೇ ತಿದ್ದುತ್ತಿತ್ತು.

ಇಂಥ ಸಾಗಣೆಯ ಉಳಿದ ತೊಡಕುಗಳನ್ನು ಬಲ್ಲವರು ಬಲ್ಲರು. ದಿನಾಂಕ ಗೊತ್ತಿಲ್ಲದ ಕಡೆ ಹಳೆಯದರಲ್ಲಿ ತುಂಬಿದ್ದ ಸೊನ್ನೆಗಳ ತಾರೀಖನ್ನು ಪೋಸ್ಟ್‌ಗ್ರೆಸ್ ತಿರಸ್ಕರಿಸುತ್ತದೆ. ಅಂಥಲ್ಲಿ ಖಾಲಿ ಬಿಡಬೇಕು. ಸಾಲುಗಳನ್ನೆಲ್ಲ ಸಾಗಿಸಿದರೂ ಕ್ರಮಸಂಖ್ಯೆಯ ಎಣಿಕೆ 1ರಲ್ಲೇ ನಿಂತಿದ್ದರೆ, ಮೊದಲ ಹೊಸ ರಸೀದಿಗೇ ‘ಈ ಸಂಖ್ಯೆ ಆಗಲೇ ಇದೆ’ ಎಂಬ ಎರರ್. ಎಣಿಕೆಯನ್ನು ಕೊನೆಯ ಸಂಖ್ಯೆಗೆ ಹೊಂದಿಸಬೇಕು. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಹಳೆಯದಕ್ಕೆ ಒಂದೇ ಆಗಿರುವುದು ಸಾಮಾನ್ಯ. ಹೊಸದಕ್ಕೆ ಬೇರೆ ಬೇರೆ, ಹುಡುಕಿದ ಗ್ರಾಹಕ ಸಿಗುವುದೇ ಇಲ್ಲ.

ಎರರ್ ಬಂದಾಗ ಕೈ ಮೊದಲು ಹೋಗುವುದು ನಿರ್ಬಂಧವನ್ನು ಕಿತ್ತುಹಾಕುವ ಕಡೆಗೆ. ಫಾರಿನ್ ಕೀ ತೆಗೆದರೆ ಐದೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಸುಳ್ಳೂ ಜೊತೆಗೇ ಮುಂದಿನ ಮನೆಗೆ ಹೋಗುತ್ತದೆ. ಹೊಸ ಡೇಟಾಬೇಸ್ ತೋರಿಸುವ ಎರರ್ ಬಹುಪಾಲು ಹಳೆಯದು ನುಂಗಿಕೊಂಡಿದ್ದ ತಪ್ಪು. ಅದನ್ನು ಸಾಲು ಸಾಲಾಗಿ ಕೂತು ಓದಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಆಕೆ ಮಾಡಿದ್ದೂ ಅದನ್ನೇ. ಮೂಲವನ್ನು ಮುಟ್ಟದೆ ಅದರ ಒಂದು ನಕಲಿನಲ್ಲಿ, 2020ರ 13ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲೇ ಇರುವ ನಾರ್ಮಲೈಸ್ ಆಜ್ಞೆಯಿಂದ ಬಿಡಿ ಚಿಹ್ನೆಗಳನ್ನು ಕೂಡಿಸಿದಳು. ‘ಶಿವವೊಗ್ಗ’ದಂಥವನ್ನು ಆ ಆಜ್ಞೆ ತಿದ್ದದು. ಅವನ್ನು ಒಂದೊಂದಾಗಿ ಹುಡುಕಿ ಕೈಯಾರೆ ಸರಿಪಡಿಸಿದಳು. ಹೊಸದಾಗಿ ಬರುವ ಪದಗಳೂ ಒಳಬರುವ ಮೊದಲೇ ಕೂಡಿಕೊಳ್ಳುವಂತೆ ಮಾಡಿದಳು. ಆಮೇಲೆ ಫಾರಿನ್ ಕೀ ಹಾಕಿದಳು. ಅದು ತಕರಾರಿಲ್ಲದೆ ಒಪ್ಪಿತು.

ಕೊನೆಯ ತಾಳೆಗೆ ಬಳಸಿದ್ದು ಗುಮಾಸ್ತರ ನೋಟ್‌ಬುಕ್. ತಿಂಗಳು ತಿಂಗಳ ಗೊರಬಲು ಮೊತ್ತವನ್ನು ಅವರು ಓದುತ್ತಾ ಹೋದರು, ಆಕೆ ಪರದೆಯಲ್ಲಿ ನೋಡುತ್ತಾ ಬಂದಳು. ಈಗ ಅಲ್ಲಿ ಒಂದೇ ಸಾಲು. ಮಂಡಿಯಲ್ಲಿ ಬೆಲೆ ಎಲ್ಲಕ್ಕಿಂತ ಕಡಿಮೆಯಿರುವ ಅಡಿಕೆ ಅದು. ಅದರ ಲೆಕ್ಕ ಪೈಸೆಗೆ ಪೈಸೆ ಕೂಡಿದಾಗ ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು.