ಮೈದಾನದಲ್ಲಿ ಹೃದಯ ಸ್ತಂಭನ: ಚೇತರಿಕೆಯ ಹಾದಿ

ಆಟದ ನಡುವೆ ಹೃದಯ ಸ್ತಂಭನಕ್ಕೆ ಒಳಗಾದ ಕ್ರೀಡಾಪಟು ಚೇತರಿಸಿಕೊಳ್ಳುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಸ್ಪತ್ರೆ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೇ ಬೇರೆ. ಇಲ್ಲಿ ಹೃದಯದ ವಿದ್ಯುತ್ ಲಯ ಕೆಟ್ಟು ಸ್ನಾಯು ಸುಮ್ಮನೆ ಅದುರುತ್ತದೆ, ರಕ್ತ ಮುಂದೆ ಸಾಗುವುದಿಲ್ಲ. ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ.

2012ರ ಮಾರ್ಚ್ ತಿಂಗಳೊಂದೇ ಈ ವ್ಯತ್ಯಾಸ ತೋರಿಸಲು ಸಾಕು. ಲಂಡನ್ನಿನಲ್ಲಿ ಫುಟ್‌ಬಾಲ್ ಆಟಗಾರ ಫ್ಯಾಬ್ರಿಸ್ ಮುವಾಂಬಾ ಪಂದ್ಯದ ನಡುವೆ ಕುಸಿದಾಗ ವೈದ್ಯರು ತಕ್ಷಣ ಎದೆ ಒತ್ತತೊಡಗಿದರು. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞರೊಬ್ಬರೂ ಅಂಗಳಕ್ಕಿಳಿದರು. 78 ನಿಮಿಷ ಹೃದಯ ತಾನಾಗಿ ಬಡಿಯದಿದ್ದರೂ ಮುವಾಂಬಾ ಬದುಕಿದರು. ಅದೇ ತಿಂಗಳು ಬೆಂಗಳೂರಿನಲ್ಲಿ ಫುಟ್‌ಬಾಲ್ ಲೀಗ್ ಪಂದ್ಯವಾಡುತ್ತಿದ್ದ ಡಿ. ವೆಂಕಟೇಶ್ ಕುಸಿದಾಗ ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಸಾಗಿಸಲಾಯಿತು, ಅವರು ಉಳಿಯಲಿಲ್ಲ. 2004ರಲ್ಲಿ ಇದೇ ನಗರದ ಕಂಠೀರವ ಕ್ರೀಡಾಂಗಣದಲ್ಲಿ ಡೆಂಪೊ ಫುಟ್‌ಬಾಲ್ ತಂಡದ ಕ್ರಿಸ್ಟಿಯಾನೊ ಜೂನಿಯರ್ ಮೃತಪಟ್ಟಿದ್ದರು. ರಾಜಧಾನಿಯ ಪಾಡೇ ಹೀಗಿದ್ದರೆ ಸಣ್ಣ ಊರುಗಳ ಪಾಡೇನು?

ಕೋಲಾರ ಜಿಲ್ಲೆಯ ಚಿನ್ನದ ಗಣಿ ಪಟ್ಟಣವಾದ ಕೆಜಿಎಫ್‌ನಲ್ಲಿ ಫುಟ್‌ಬಾಲ್, ಹಾಕಿ ಗಣಿ ಕಂಪನಿಗಳ ಕಾಲದಿಂದ ಬಂದ ಆಟಗಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹೆಸರಾಗಿದ್ದ ಗಣಿ ಆಸ್ಪತ್ರೆಯೂ ಪಾಳುಬಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸುಮಾರು ನೂರು ಕಿಲೋಮೀಟರ್ ದೂರ. ಹಾಗಾಗಿ ಇಲ್ಲಿನ ಬಂಗಾರಪೇಟೆಯಲ್ಲಾಗಲಿ ಮಾರಿಕುಪ್ಪಂನಲ್ಲಾಗಲಿ ಆಟಗಾರ ಕುಸಿದರೆ ಮೊದಲ ವೈದ್ಯ ಜೊತೆಯಾಟಗಾರನೇ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಇಳಿಯುವಂತೆ ಒತ್ತಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಮುಖಕ್ಕೆ ನೀರು ಚಿಮುಕಿಸುವುದು, ಕೈಗೆ ಕಬ್ಬಿಣ ಕೊಡುವುದು ಸಮಯ ಕಳೆಯುವ ಕೆಲಸ. ಲಯ ಮರಳಿಸುವುದು ಡಿಫಿಬ್ರಿಲೇಟರ್ ಎಂಬ ಯಂತ್ರದ ವಿದ್ಯುತ್ ಶಾಕ್. ಅದು ಒಂದೊಂದು ನಿಮಿಷ ತಡವಾದಂತೆ, ಎದೆಯನ್ನೂ ಒತ್ತದಿದ್ದರೆ, ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಬದುಕುಳಿದವರಲ್ಲಿ ಕಾರಣ ಹುಡುಕುವುದು ಮುಂದಿನ ಕೆಲಸ. ಹೃದಯಸ್ನಾಯು ದಪ್ಪಗಾಗುವ ವಂಶವಾಹಿ ಕಾಯಿಲೆ, ವೈರಸ್ ಸೋಂಕಿನ ನಂತರದ ಉರಿಯೂತ, ಹುಟ್ಟಿನಿಂದಲೇ ಬಂದ ರಕ್ತನಾಳದ ದೋಷ ಎಳೆಯರಲ್ಲಿ ಕಾಣುತ್ತವೆ. 35 ದಾಟಿದವರಲ್ಲಿ ಹೆಚ್ಚಾಗಿ ರಕ್ತನಾಳದ ಕಟ್ಟು. ಇಸಿಜಿ, ಎಕೋ, ಎಂಆರ್‌ಐ ಇದಕ್ಕೆ ನೆರವಾಗುತ್ತವೆ. ಉರಿಯೂತವಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಠಿಣ ವ್ಯಾಯಾಮ ಬೇಡವೆನ್ನುತ್ತಾರೆ. ಲಯ ಮತ್ತೆ ಕೆಡುವ ಅಪಾಯವಿದ್ದರೆ ಐಸಿಡಿ ಎಂಬ ಸಣ್ಣ ಸಾಧನವನ್ನು ಚರ್ಮದಡಿ ಅಳವಡಿಸುತ್ತಾರೆ. ಬೇಕಾದಾಗ ಅದೇ ಶಾಕ್ ಕೊಡುತ್ತದೆ. ಬದುಕುಳಿದವರನ್ನು ಕಾಡುವ ಮರೆವು, ಭಯ, ಖಿನ್ನತೆಗೂ ಚಿಕಿತ್ಸೆ ಬೇಕು. ನಮ್ಮಲ್ಲಿ ಕಡೆಗಣಿಸುವುದು ಈ ಭಾಗವನ್ನೇ.

ಮತ್ತೆ ಆಡಬಹುದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮುವಾಂಬಾ ನಿವೃತ್ತರಾದರು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಪಂದ್ಯದ ನಡುವೆ ಕುಸಿದ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಐಸಿಡಿ ಹಾಕಿಸಿಕೊಂಡರು; ಐಸಿಡಿ ಇದ್ದವರಿಗೆ ತಾವು ಆಡುತ್ತಿದ್ದ ಇಟಲಿಯ ಲೀಗ್‌ನಲ್ಲಿ ಆಡಲು ಅವಕಾಶವಿಲ್ಲದ್ದರಿಂದ ಇಂಗ್ಲೆಂಡಿಗೆ ಹೋಗಿ, 2022ರ ಫೆಬ್ರವರಿಯಲ್ಲಿ ಕಣಕ್ಕಿಳಿದರು. ಕಾರಣ ವಂಶವಾಹಿಯಾದರೆ ಆಟಗಾರನ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳಿಗೂ ತಪಾಸಣೆ ಆಗಬೇಕು.