ಗುಡ್ಡವನ್ನೇರುವ ಗಾಳಿಯಂತ್ರದ ದಾರಿ

ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಾಗಲಿ, ಗದಗಿನ ಕಪ್ಪತಗುಡ್ಡದ ನೆತ್ತಿಯಲ್ಲಾಗಲಿ ತಿರುಗುತ್ತಿರುವ ಗಾಳಿಯಂತ್ರಗಳನ್ನು ದೂರದಿಂದ ಕಂಡವರು ಅವುಗಳ ಔನ್ನತ್ಯಕ್ಕೆ ಬೆರಗಾಗುವರೇ ಹೊರತು, ಅಷ್ಟು ದೊಡ್ಡ ವಸ್ತು ಆ ಏರನ್ನು ಹತ್ತಿದ ಬಗೆ ಹೇಗೆಂದು ವಿಚಾರಿಸುವವರು ವಿರಳ. ಅದಕ್ಕೆ ಉತ್ತರ, ಗುಡ್ಡದ ಮೈಯನ್ನು ಬಳಸಿಕೊಂಡು ಮೇಲಕ್ಕೆ ಹೋಗಿರುವ ಕೆಮ್ಮಣ್ಣಿನ ದಾರಿ; ನನಗಂತೂ ಯಂತ್ರಕ್ಕಿಂತ ಆ ದಾರಿಯಲ್ಲಿಯೇ ಕುತೂಹಲ ಹೆಚ್ಚು.

ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನವನ್ನನುಸರಿಸುವುದರಿಂದ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುವುದು. ಗುಡ್ಡದ ಏಣನ್ನು ದಾಟುವ ಗಾಳಿಯೋ, ಇಕ್ಕಟ್ಟಿಗೆ ಸಿಕ್ಕಿದ ಹೊಳೆಯಂತೆ ರಭಸಗೊಳ್ಳುವುದು. ಆದಕಾರಣ ಯಂತ್ರ ನೆತ್ತಿಯನ್ನೇ ಬಯಸುವುದು, ದಾರಿಯೂ ನೆತ್ತಿಯವರೆಗೆ ಹೋಗಲೇಬೇಕಾಗುವುದು.

ಇಂದಿನ ದೊಡ್ಡ ಯಂತ್ರದ ಒಂದೊಂದು ರೆಕ್ಕೆ 60-70 ಮೀಟರ್ ಉದ್ದವಿರುವುದುಂಟು. ಗಾಜಿನ ನಾರನ್ನು ರಾಳದಲ್ಲಿ ಹುದುಗಿಸಿ ಎರಕ ಹೊಯ್ದ ಈ ರೆಕ್ಕೆ, ಕೋಟ್ಯಂತರ ಬಾರಿ ಬಾಗಿ ನಿಮಿರಬೇಕಾದ್ದರಿಂದ, ನಡುವೆ ಬೆಸುಗೆಯಿಲ್ಲದೆ ಸಾಮಾನ್ಯವಾಗಿ ಒಂದೇ ತುಂಡಾಗಿ ಬರುವುದು. ತಿರುವಿನಲ್ಲಿ ಇದರ ಸಾಗಾಟವನ್ನು ನೋಡಬೇಕು. ಲಾರಿಯ ಮೂತಿ ತಿರುಗಿದರೂ ಹಿಂಗಾಲಿಗಳು ತಿರುವಿನ ಒಳಬದಿಯನ್ನು ಕತ್ತರಿಸಿಕೊಂಡು ಹೋಗಲೆಳಸುವುವು. ರೆಕ್ಕೆಯ ತುದಿ ಹೊರಬದಿಯ ಪೊದೆಗಳ ಮೇಲೆ ಬೀಸಿಹೋಗುವುದು. ಹಿಂದೆ ನಡೆದುಬರುವ ಕೆಲಸಗಾರನೊಬ್ಬ ಕೈಯಲ್ಲಿಯ ಪುಟ್ಟ ರಿಮೋಟಿನಿಂದ ಹಿಂಗಾಲಿಗಳನ್ನು ಬೇರೆಯಾಗಿ ಹೊರಳಿಸುತ್ತ, ಗೇಣುಗೇಣಾಗಿ ಅದನ್ನು ದಾಟಿಸುವನು. ಆದ್ದರಿಂದಲೇ ನೇರವಾದೆಡೆ ಐದಾರು ಮೀಟರ್ ಅಗಲಕ್ಕೆ ತೃಪ್ತವಾಗುವ ದಾರಿ, ತಿರುವಿನಲ್ಲಿ ಅದರ ಎರಡರಷ್ಟು ನೆಲವನ್ನು ಬೇಡುವುದು. ದಿಬ್ಬದ ನೆತ್ತಿ ತಟ್ಟನೆ ಬಾಗಿದರೆ ತಗ್ಗು ಟ್ರೈಲರಿನ ಹೊಟ್ಟೆ ನೆಲಕ್ಕೆ ತಗುಲುವುದೆಂದು ಅಲ್ಲಿಯೂ ಮಣ್ಣನ್ನು ನಯವಾಗಿ ಇಳಿಜಾರು ಮಾಡಬೇಕು.

ಆದರೂ ದಾರಿಯ ನಿಜವಾದ ವೈರಿ ಉದ್ದವೂ ಅಲ್ಲ, ಭಾರವೂ ಅಲ್ಲ, ನೀರು. ಸ್ಕಾಟ್ಲೆಂಡಿನ ಜಾನ್ ಮೆಕಾಡಂ ಎರಡು ಶತಮಾನಗಳ ಹಿಂದೆಯೇ ಇದನ್ನು ಕಂಡುಕೊಂಡನು: ಭಾರವನ್ನು ಕಟ್ಟಕಡೆಗೆ ಹೊರುವುದು ಅಡಿಯ ನೆಲವೇ, ಅದನ್ನು ಒಣಗಿಸಿಟ್ಟರೆ ಅದು ಹೊರುತ್ತದೆ. ನಮ್ಮ ಗುತ್ತಿಗೆದಾರರ ಬಾಯಲ್ಲಿ ಆತನ ಹೆಸರು ಇಂದಿಗೂ ಜಲ್ಲಿ ರಸ್ತೆಯ ಹೆಸರಾಗಿ ಉಳಿದಿದೆ. ಗದಗಿನ ಸುತ್ತಲಿನ ಎರೆಭೂಮಿಯಲ್ಲಿ ಈ ಮಾತಿನ ಸತ್ಯ ಕಣ್ಣಿಗೆ ಕಾಣುವುದು: ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಆ ಕರಿಮಣ್ಣು, ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ, ಚಕ್ಕಡಿಯ ಗಾಲಿಯನ್ನೂ ನುಂಗುವುದು. ಅದನ್ನು ಅಗೆದು ತೆಗೆದು, ಗರಸು ತುಂಬಿ, ಪದರಪದರವಾಗಿ ರೋಲರ್ ಓಡಿಸುವರು. ಆಗಲೂ ನೀರು ಬೇಕು, ಆದರೆ ಹದವಾಗಿ. ಹಿಡಿ ಗರಸನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ತೀರ ಒಣಗಿದ್ದರೆ ಕಣಗಳು ಒಂದನ್ನೊಂದು ತಡೆಯುವುವು. ತೀರ ನೆನೆದಿದ್ದರೆ ಸಂದುಗಳಲ್ಲಿ ನಿಂತ ನೀರು ರೋಲರಿಗೂ ಮಣಿಯದು. ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ಅಳತೆಗೆ ತಂದುದು ಈ ಹದವನ್ನೇ.

ನೀರನ್ನು ಕಡೆಗಣಿಸಿದರೆ ಗುಡ್ಡವೇ ಜಾರಬಹುದು. ಐರ್ಲೆಂಡಿನ ಡೆರಿಬ್ರಿಯನ್ ಎಂಬಲ್ಲಿ 2003ರ ಅಕ್ಟೋಬರಿನಲ್ಲಿ, ಗಾಳಿಯಂತ್ರಗಳ ಕಾಮಗಾರಿ ನಡೆಯುತ್ತಿದ್ದಾಗಲೇ, ನೀರು ತುಂಬಿದ ಜೌಗುಮಣ್ಣು ರಾಶಿರಾಶಿಯಾಗಿ ಜಾರಿ ಕೆಳಗಿನ ಹೊಳೆಯನ್ನು ಸೇರಿತು. ಸಾವಿರಾರು ಮೀನುಗಳು ಸತ್ತವು.

ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದುದು, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದುದು. ಇಂತಹ ಗುಡ್ಡದ ಮೈಯಲ್ಲಿ ದಾರಿ ಕಡಿದರೆ, ಅದುವರೆಗೆ ಹುಲ್ಲಿನ ಬೇರುಗಳ ನಡುವೆ ಹರಡಿ ಇಳಿಯುತ್ತಿದ್ದ ಮಳೆನೀರು ಒಂದೇ ಚರಂಡಿಗೆ ಬಿದ್ದು, ಮೋರಿಯ ಬಾಯಿಂದ ಧುಮ್ಮಿಕ್ಕಿ, ಕೆಳಗೆ ಕೊರಕಲನ್ನು ತೋಡುವುದು. ಮೋರಿಗಳು ಹತ್ತಿರಹತ್ತಿರವಿದ್ದು, ಅವುಗಳ ಬಾಯಿಗೆ ಕಲ್ಲು ಹಾಸಿದ್ದರೆ ನೀರಿನ ಸೊಕ್ಕು ಅಲ್ಲಿಯೇ ಮುರಿಯುವುದು. ಬುಲ್ಡೋಜರ್ ಮೊದಲು ಕೆರೆದ ಮೇಲ್ಮಣ್ಣನ್ನು ಕಸದಂತೆ ಇಳಿಜಾರಿಗೆ ತಳ್ಳದೆ ಬೇರೆಯಾಗಿ ಕೂಡಿಡಬೇಕೆಂಬುದು ನನ್ನ ಆಗ್ರಹ. ಆ ನೆಲದ ಹುಲ್ಲಿನ ಬೀಜವೆಲ್ಲ ಇರುವುದು ಆ ಒಂದು ಗೇಣು ಮಣ್ಣಿನಲ್ಲಿ. ಕಡೆಯ ರೆಕ್ಕೆ ಮೇಲೇರಿದ ಬಳಿಕ, ಅಗಲಿಸಿದ ತಿರುವುಗಳ ಅಂಚಿಗೆ ಅದನ್ನು ಮರಳಿ ಹರಡಿದರೆ, ಮುಂಗಾರಿನ ಮೊದಲ ಹದಮಳೆಗೆ ಅಲ್ಲಿ ಹಸುರು ತಲೆಯೆತ್ತುವುದು.